ನಾಯಂಡಹಳ್ಳಿ ಪ್ರಮೇಯ: ಮಾನ್ಯತೆ ಇಲ್ಲದ ಬಾವುಟದ ಹಾರಾಟ ಕುರಿತು ಕಿರು ಮಹಾಪ್ರಬಂಧ

ಬಾವುಟ ಹಾರುವುದು ಗಾಳಿಯಿಂದಲೋ, ಸರ್ಕಾರಿ ಆದೇಶದಿಂದಲೋ? ಧ್ವಜಶಾಸ್ತ್ರದ ಈ ಮೂಲಭೂತ ಪ್ರಶ್ನೆಗೆ ಭೌತವಿಜ್ಞಾನಿಗಳು ಗಾಳಿಯೆಂದೂ ವಿಧಾನಸೌಧದವರು ಆದೇಶವೆಂದೂ ಉತ್ತರಿಸುತ್ತ ಬಂದಿದ್ದಾರೆ. ಎರಡೂ ಕಡೆಯವರು ಕ್ಷೇತ್ರಕಾರ್ಯ ಮಾಡದೆ ಮಾತಾಡಿದ್ದಾರೆ ಎಂಬುದು ಪ್ರಸ್ತುತ ಪ್ರಬಂಧದ ಆಕ್ಷೇಪ. ಕ್ಷೇತ್ರವಾಗಿ ನಾಯಂಡಹಳ್ಳಿಯನ್ನು ಆರಿಸಿಕೊಂಡದ್ದು ಸಕಾರಣವಾಗಿಯೇ. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವುದು ಇಲ್ಲಿ. ಪಕ್ಕದಲ್ಲಿ ಮೈಸೂರಿನ ರೈಲು, ತಲೆಯ ಮೇಲೆ 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಬೆಳೆದ ಮೆಟ್ರೊ, ಕಾಲ ಬುಡದಲ್ಲಿ ವೃಷಭಾವತಿ. ನದಿಯೆಂದು ದಾಖಲೆಯಲ್ಲಿ ಮಾನ್ಯತೆ ಪಡೆದೂ ಕೊಳಚೆ ಸಾಗಿಸುವ ನೀರು ಮತ್ತು ಯಾವ ಮಾನ್ಯತೆಯೂ ಇಲ್ಲದೆ ಠೀವಿಯಿಂದ ಹಾರುವ ಹಳದಿ-ಕೆಂಪು ಕನ್ನಡ ಬಾವುಟ, ಇವೆರಡನ್ನೂ ಒಂದೇ ನೋಟದಲ್ಲಿ ಒದಗಿಸುವ ಪ್ರಯೋಗಾಲಯ ವಿಶ್ವವಿದ್ಯಾಲಯಗಳಲ್ಲಿ ಸಿಗುವುದಿಲ್ಲ. ಇಲ್ಲಿ ಮಂಡಿಸಲಿರುವ ಸಿದ್ಧಾಂತವನ್ನು ಆದ್ದರಿಂದ ನಾಯಂಡಹಳ್ಳಿ ಪ್ರಮೇಯ ಎಂದು ಕರೆಯಲಾಗಿದೆ: ಬಾವುಟದ ಹಾರಾಟವು ಅದರ ಮಾನ್ಯತೆಗೆ ವಿಲೋಮಾನುಪಾತದಲ್ಲಿರುತ್ತದೆ.

ಮೊದಲು ವಸ್ತುವಿನ ಪೂರ್ವೇತಿಹಾಸ. ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ ಮ. ರಾಮಮೂರ್ತಿ, 1960ರ ದಶಕದಲ್ಲಿ, ತಾವು ಕಟ್ಟಿದ ಕನ್ನಡ ಪಕ್ಷಕ್ಕಾಗಿ. ಅವರು ಕನ್ನಡ ಚಳವಳಿಯ ಮುಂದಾಳು, ಪತ್ರಕರ್ತ, ಜೊತೆಗೆ ಪತ್ತೇದಾರಿ ಕಾದಂಬರಿಕಾರ. ಬಾವುಟದ ಕಾನೂನು ಸ್ಥಾನಮಾನ ಇಂದಿಗೂ ಪತ್ತೆಯಾಗದಿರುವುದಕ್ಕೆ ಈ ಕೊನೆಯ ಸಂಗತಿಯೇ ಕಾರಣವಿರಬಹುದೆಂಬ ಊಹೆಯನ್ನು ಮುಂದಿನ ಸಂಶೋಧಕರಿಗೆ ಬಿಡೋಣ. ಗಮನಿಸಬೇಕಾದ್ದು ಕಾಲಾನುಕ್ರಮ. ಬಾವುಟ ಹುಟ್ಟಿದಾಗ ಈ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು. ಅಂದರೆ ವಯಸ್ಸಿನಲ್ಲಿ ಬಾವುಟ ಹಿರಿದು, ರಾಜ್ಯದ ಹೆಸರು ಕಿರಿದು. ಹೀಗಿರುವಾಗ ಕರ್ನಾಟಕ ಸರ್ಕಾರ ಬಾವುಟಕ್ಕೆ ಮಾನ್ಯತೆ ಕೊಡುತ್ತೇನೆನ್ನುವುದು, ನಾಮಕರಣದ ದಿನ ಕೂಸು ಎದ್ದು ನಿಂತು ಅಣ್ಣನಿಗೆ ಜನನ ಪ್ರಮಾಣಪತ್ರ ಬರೆದುಕೊಟ್ಟ ಹಾಗೆ.

ಇನ್ನು ಪ್ರಮಾಣಗಳು. ಪ್ರತ್ಯಕ್ಷ ಪ್ರಮಾಣಕ್ಕೆ ಕಣ್ಣು ಸಾಕು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ, ಎತ್ತ ಹೋದರೂ ಬಾವುಟ ಕಾಣುತ್ತದೆ. ಸಿಮೆಂಟಿನ ಪುಟ್ಟ ಕಟ್ಟೆ, ಅದಕ್ಕೆ ಅರ್ಧ ಹಳದಿ ಅರ್ಧ ಕೆಂಪು ಬಳಿದ ಎನಾಮಲ್ ಬಣ್ಣ, ನಡುವೆ ಕಬ್ಬಿಣದ ಪೈಪು, ಪಕ್ಕದಲ್ಲಿ ಭುವನೇಶ್ವರಿಗಿಂತ ದೊಡ್ಡದಾಗಿ ದಾನಿಗಳು ನಗುತ್ತಿರುವ ಫ್ಲೆಕ್ಸು. ಅನುಮಾನ ಪ್ರಮಾಣ ಇನ್ನೂ ಗಟ್ಟಿ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದು ನಮ್ಮ ತಾರ್ಕಿಕರು ಊಹಿಸುತ್ತಿದ್ದರು. ನಾಯಂಡಹಳ್ಳಿಯಲ್ಲಿ ಹೊಗೆ ಕಂಡರೆ ಸಿಗ್ನಲ್ ಬಿದ್ದಿದೆ ಎಂದಷ್ಟೇ ಊಹಿಸಬಹುದಾದ್ದರಿಂದ ಹೊಸ ವ್ಯಾಪ್ತಿಯೊಂದನ್ನು ಹೇಳಬೇಕಾಗಿದೆ: ಎಲ್ಲೆಲ್ಲಿ ಹಳದಿ-ಕೆಂಪು ಕಂಬವೋ ಅಲ್ಲಲ್ಲಿ ಆಟೋ ನಿಲ್ದಾಣ. ಈ ನಿಯಮ ಬಲ್ಲವನು ಬೆಂಗಳೂರಿನ ಯಾವ ಮೂಲೆಯಲ್ಲಿ ದಾರಿ ತಪ್ಪಿದರೂ ಬಾವುಟ ನೋಡಿ ಆಟೋ ಹುಡುಕಿಕೊಳ್ಳಬಲ್ಲ. ಆಟೋ ಮೀಟರ್ ಹಾಕುತ್ತದೆಯೇ ಎಂಬುದು ಈ ವ್ಯಾಪ್ತಿಯೊಳಗೆ ಬರುವುದಿಲ್ಲ.

ಶಬ್ದ ಪ್ರಮಾಣ, ಅಂದರೆ ಶಾಸ್ತ್ರವಚನ, ಏನೆನ್ನುತ್ತದೆ? 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ, 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆ, 2002ರ ಧ್ವಜಸಂಹಿತೆ ಇವೆಲ್ಲ ರಾಷ್ಟ್ರಧ್ವಜದ ಮಾತಾಡುತ್ತವೆ. ಅದಕ್ಕಿಂತ ಎತ್ತರದಲ್ಲಿ ಬೇರೆ ಬಾವುಟ ಇರಕೂಡದು ಎನ್ನುತ್ತದೆ ಧ್ವಜಸಂಹಿತೆ. ರಾಜ್ಯಗಳ ಬಾವುಟದ ವಿಷಯಕ್ಕೆ ಬಂದರೆ ಮೌನ. ಈ ಮೌನಕ್ಕೆ ಭಾಷ್ಯವಾಗಿ ಎಲ್ಲರೂ ಎತ್ತಿ ತೋರಿಸುವುದು 1994ರ ಎಸ್.ಆರ್. ಬೊಮ್ಮಾಯಿ ತೀರ್ಪನ್ನು, ರಾಜ್ಯವೊಂದು ತನ್ನದೇ ಬಾವುಟ ಹೊಂದುವುದಕ್ಕೆ ಸಂವಿಧಾನದ ನಿಷೇಧವಿಲ್ಲವೆಂಬ ಅಭಿಪ್ರಾಯ ಅಲ್ಲಿದೆ ಎನ್ನುತ್ತಾರೆ. ಬೊಮ್ಮಾಯಿಯವರು ನ್ಯಾಯಾಲಯಕ್ಕೆ ಹೋದದ್ದು ಬಾವುಟಕ್ಕಾಗಿ ಅಲ್ಲ, 1989ರಲ್ಲಿ ವಜಾ ಆದ ತಮ್ಮ ಸರ್ಕಾರಕ್ಕಾಗಿ. ಕುರ್ಚಿ ಕೇಳಲು ಹೋದ ಕನ್ನಡಿಗರೊಬ್ಬರ ಹೆಸರಿನ ತೀರ್ಪು ಕನ್ನಡ ಬಾವುಟಕ್ಕೆ ಆಧಾರವಾಯಿತು. ತೀರ್ಪು ಕೊಟ್ಟ ಪೀಠದಲ್ಲಿ ಒಂಬತ್ತು ನ್ಯಾಯಮೂರ್ತಿಗಳು. 2017ರಲ್ಲಿ ಬಾವುಟದ ಅಧ್ಯಯನಕ್ಕೆ ಸರ್ಕಾರ ನೇಮಿಸಿದ ಸಮಿತಿಯಲ್ಲೂ ಒಂಬತ್ತು ಮಂದಿ. ನವಗ್ರಹಗಳ ಪ್ರಭಾವವನ್ನು ಅಲ್ಲಗಳೆಯುವವರು ಈ ಸಾಮ್ಯಕ್ಕೆ ಬೇರೆ ವಿವರಣೆ ಕೊಡಬೇಕಾಗುತ್ತದೆ.

ನಾಲ್ಕನೆಯದಾದ ಅನುಪಲಬ್ಧಿ ಪ್ರಮಾಣವೇ ನಮ್ಮ ಸಿದ್ಧಾಂತದ ಬೆನ್ನೆಲುಬು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುವುದೇ ಅನುಪಲಬ್ಧಿ ಎಂದು ಮೀಮಾಂಸಕರು ಬೋಧಿಸಿದರು. ಅದನ್ನು ಸರ್ಕಾರದ ಪ್ರಯತ್ನಗಳಿಗೆ ಅನ್ವಯಿಸೋಣ. 2012ರ ಬಜೆಟ್‌ನಲ್ಲಿ ಡಿ.ವಿ. ಸದಾನಂದ ಗೌಡರ ಸರ್ಕಾರ ರಾಜ್ಯೋತ್ಸವಕ್ಕೆ ಸರ್ಕಾರಿ ಕಟ್ಟಡಗಳ ಮೇಲೆ ಕನ್ನಡ ಬಾವುಟ ಕಡ್ಡಾಯವೆಂದು ಸಾರಿತು. ವಿಷಯ ಹೈಕೋರ್ಟಿಗೆ ಹೋಯಿತು, ಸುತ್ತೋಲೆ ವಾಪಸಾಯಿತು. ಬೀದಿಯಲ್ಲಿ ಅರ್ಧ ಶತಮಾನ ಹಾರಿದ್ದ ಬಾವುಟ ಕಚೇರಿಯ ಮಾಳಿಗೆ ಹತ್ತಲು ಹೊರಟ ವರ್ಷವೇ ಕೆಳಗಿಳಿಯಿತು. ಆಮೇಲೆ ಸಿದ್ದರಾಮಯ್ಯನವರ ಸರ್ಕಾರದ ಸಮಿತಿ. ಅದರ ಫಲವಾಗಿ 2018ರ ಮಾರ್ಚ್ 8ರಂದು ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡದ ಲಾಂಛನ ಹೊತ್ತ ನಾಡಧ್ವಜದ ಅನಾವರಣ. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತೆಂಬುದು ಕೇವಲ ಪಂಚಾಂಗದ ವಿಷಯ. ವಿನ್ಯಾಸ ದೆಹಲಿಗೆ ಹೋಯಿತು. ಅನುಮೋದನೆ ಇಂದಿಗೂ ಬಂದಿಲ್ಲ. ಈಗ ನಾಯಂಡಹಳ್ಳಿಯ ಮೇಲ್ಸೇತುವೆ ಹತ್ತಿ ನಾಲ್ಕು ದಿಕ್ಕಿಗೂ ನೋಡಿ. ಸಮಿತಿ ಕೂತು, ಸಂಪುಟ ಒಪ್ಪಿ, ಮುಖ್ಯಮಂತ್ರಿಯೇ ಬಿಚ್ಚಿ ತೋರಿಸಿದ ಬಾವುಟ ಎಲ್ಲೂ ಇಲ್ಲ. ಯಾರೂ ಅಪ್ಪಣೆ ಕೊಡದ ಬಾವುಟ ಎಲ್ಲೆಲ್ಲೂ ಇದೆ. ಗಡಿಗೆಯ ಅಭಾವವನ್ನು ಇಷ್ಟು ಸೊಗಸಾಗಿ ತೋರಿಸುವ ನೆಲ ಮೀಮಾಂಸಕರಿಗೂ ಸಿಕ್ಕಿರಲಿಲ್ಲ.

ಇದಕ್ಕೆ ಕಾರಣ ದೆಹಲಿಯ ವಿಳಂಬ ಮಾತ್ರವಲ್ಲ, ದರ್ಜಿಶಾಸ್ತ್ರವೂ ಹೌದು. ಹಳೆಯ ಬಾವುಟಕ್ಕೆ ಬೇಕಾದ್ದು ಎರಡು ತುಂಡು ಬಟ್ಟೆ, ನಡುವೆ ಒಂದು ಹೊಲಿಗೆ, ಕೋಲು ತೂರಿಸಲು ಒಂದು ಮಡಿಕೆ. ಮೂರನೆಯ ತರಗತಿಯ ಮಗು ಎರಡು ಕ್ರೆಯಾನಿನಲ್ಲಿ ಅದನ್ನು ತಪ್ಪಿಲ್ಲದೆ ಬರೆಯುತ್ತದೆ. ಹೊಸದಕ್ಕೆ ಎರಡು ತಲೆಯ ಹಕ್ಕಿ, ಎರಡೂ ಪಕ್ಕ ಆನೆಸೊಂಡಿಲಿನ ಸಿಂಹ, ನೆತ್ತಿಯ ಮೇಲೆ ಸಾರನಾಥದ ಸಿಂಹಗಳು. ಇಷ್ಟು ಮೃಗಪಕ್ಷಿಗಳನ್ನು ಅಂಗೈಯಗಲ ಬಟ್ಟೆಯಲ್ಲಿ ಮೂಡಿಸಿದರೆ ದೂರಕ್ಕೆ ಅದು ಮಸಿಯ ಕಲೆಯಂತೆ ಕಾಣುವುದು ಖಚಿತ. ಮೇಲಾಗಿ ಸಾರನಾಥದ ಸಿಂಹಗಳನ್ನು ಕಂಡಕಂಡವರು ಬಳಸದಂತೆ 2005ರ ಕಾಯ್ದೆಯೊಂದು ಕಾವಲಿದೆ. ಹೊಸ ಧ್ವಜಕ್ಕೆ ಒಪ್ಪಿಗೆ ಸಿಕ್ಕಿದ್ದರೆ ಆಟೋ ನಿಲ್ದಾಣದವರು ಅದನ್ನು ಏರಿಸುವ ಮುನ್ನ ವಕೀಲರನ್ನು ಕಾಣಬೇಕಿತ್ತು. ಉಳಿದದ್ದು ಬಿಳಿಯ ಪಟ್ಟಿ. ಶಾಂತಿಯ ಸಂಕೇತವೆಂದು ಅದಕ್ಕೆ ವ್ಯಾಖ್ಯಾನ ಹೇಳಿದರು. ಕ್ಷೇತ್ರಾಧ್ಯಯನ ಬೇರೆಯೇ ಸತ್ಯ ತೋರಿಸುತ್ತದೆ: ನವೆಂಬರ್‌ನಲ್ಲಿ ಏರಿಸಿದ ಪಾಲಿಯೆಸ್ಟರ್ ಬಾವುಟದ ಹಳದಿ ಸಂಕ್ರಾಂತಿಗೆ ಕೆನೆಬಣ್ಣವಾಗಿ, ಯುಗಾದಿಗೆ ಬಿಳಿಯಾಗುತ್ತದೆ; ಕೆಂಪು ಗುಲಾಬಿಗೆ ತಿರುಗುತ್ತದೆ. ಸಮಿತಿ ತಿಂಗಳುಗಟ್ಟಲೆ ಯೋಚಿಸಿ ಸೇರಿಸಿದ ಬಿಳಿಯನ್ನು ಮೈಸೂರು ರಸ್ತೆಯ ಬಿಸಿಲು ಪ್ರತಿ ವರ್ಷ ಪುಕ್ಕಟೆಯಾಗಿ ಸೇರಿಸುತ್ತಿದೆ.

ಪ್ರಮೇಯ ನಾಯಂಡಹಳ್ಳಿಗಷ್ಟೇ ಸಲ್ಲುತ್ತದೆಂದು ಯಾರೂ ಭಾವಿಸದಿರಲಿ. ಜಮ್ಮು-ಕಾಶ್ಮೀರಕ್ಕೆ 1952ರಿಂದ ವಿಧ್ಯುಕ್ತವಾಗಿ ಒಪ್ಪಿದ ಬಾವುಟವಿತ್ತು; 2019ರ ಆಗಸ್ಟ್‌ನಲ್ಲಿ ಅದು ಸಚಿವಾಲಯದ ಮೇಲಿಂದ ಇಳಿಯಿತು. ಅಮೆರಿಕದ ಮಿಸಿಸಿಪಿ ರಾಜ್ಯ ಗುಲಾಮಗಿರಿಯ ಪರ ಕಾದಾಡಿದ ಒಕ್ಕೂಟದ ಚಿಹ್ನೆಯನ್ನು 1894ರಿಂದ ತನ್ನ ಅಧಿಕೃತ ಬಾವುಟದಲ್ಲಿ ಇಟ್ಟುಕೊಂಡಿತ್ತು. 2020ರಲ್ಲಿ ಅಲ್ಲಿನ ಶಾಸನಸಭೆಯೇ ಅದಕ್ಕೆ ಮಂಗಳ ಹಾಡಿತು. ಎರಡು ಪ್ರಕರಣಗಳ ನ್ಯಾಯಾನ್ಯಾಯ ಬೇರೆಬೇರೆ. ಪ್ರಮೇಯಕ್ಕೆ ಬೇಕಾದ ಅಂಶ ಮಾತ್ರ ಒಂದೇ. ಕಾನೂನು ಏರಿಸಿದ್ದನ್ನು ಕಾನೂನು ಇಳಿಸಬಲ್ಲದು. ಯಾರೂ ಮಾನ್ಯ ಮಾಡದ್ದನ್ನು ಅಮಾನ್ಯ ಮಾಡುವ ವಿಧಾನವನ್ನು ಯಾವ ಶಾಸಕಾಂಗವೂ ಇನ್ನೂ ಕಂಡುಹಿಡಿದಿಲ್ಲ. ಮನೆಯ ಉದಾಹರಣೆಯೇ ಬೇಕೆಂದರೆ ನಾಡಗೀತೆ ಇದೆ. ಕುವೆಂಪು ಅವರ ಗೀತೆಯನ್ನು ಜನ ತಮಗೆ ಬಂದ ರಾಗದಲ್ಲಿ, ತಮಗೆ ತೋಚಿದಷ್ಟು ಹೊತ್ತು ಹಾಡಿಕೊಂಡಿದ್ದರು. 2004ರಲ್ಲಿ ಅದು ಅಧಿಕೃತವಾಯಿತು. ಹಿಂದೆಯೇ ರಾಗ ಯಾರದು, ಎಷ್ಟು ಚರಣ, ಎಷ್ಟು ನಿಮಿಷ ಎಂಬ ವಾದಗಳು ಹುಟ್ಟಿ, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಆದೇಶವಾಗಿ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಬಾವುಟಕ್ಕೆ ಮಾನ್ಯತೆ ಬಂದರೆ ಹಳದಿ ಯಾವ ಹಳದಿ, ಅರಿಶಿನದ್ದೋ ಸೇವಂತಿಗೆಯದೋ ಎಂಬುದಕ್ಕೆ ಉಪಸಮಿತಿ ತಪ್ಪಿದ್ದಲ್ಲ.

ಇತಿಹಾಸಪ್ರಿಯರ ಪೂರ್ವಪಕ್ಷ ಹೀಗಿದೆ: ರಾಜ್ಯಕ್ಕೆ ಬಾವುಟವೆಂದಮೇಲೆ ರಾಜಮುದ್ರೆ ಬೇಕು, ನಮ್ಮ ಅರಸರಿಗೆ ಇತ್ತಲ್ಲವೇ? ಇತ್ತು. ಕದಂಬರದು ವಾನರಧ್ವಜ, ಚಾಲುಕ್ಯರದು ವರಾಹ ಲಾಂಛನ, ರಾಷ್ಟ್ರಕೂಟರದು ಗರುಡ. ಬಾದಾಮಿಯ ವಿಜಯಾದಿತ್ಯನಂತೂ ಉತ್ತರದ ದಂಡಯಾತ್ರೆಯಲ್ಲಿ ಪಾಳಿಧ್ವಜವನ್ನೇ ಗೆದ್ದು ತಂದನೆಂದು ಶಾಸನಗಳು ಹೊಗಳುತ್ತವೆ. ಬಾವುಟಕ್ಕಾಗಿ ಕನ್ನಡಿಗರು ಉತ್ತರಕ್ಕೆ ಹೋಗುವ ಪರಂಪರೆ ಹೀಗೆ ಹದಿಮೂರು ಶತಮಾನದಷ್ಟು ಹಳೆಯದು. ಅಂದು ಸೈನ್ಯ ಹೋಗಿ ಬಾವುಟ ತಂದಿತು, ಇಂದು ಕಡತ ಹೋಗಿ ಅಲ್ಲೇ ಉಳಿಯಿತು. ಆದರೆ ಆ ಧ್ವಜಗಳೆಲ್ಲ ಅರಸುಮನೆತನಗಳ ಸೊತ್ತು. ಮನೆತನ ಮುಗಿದ ದಿನ ಅವೂ ಶಾಸನದ ಕಲ್ಲಿಗೆ ಸೇರಿದವು. ಹಳದಿ-ಕೆಂಪು ಯಾವ ಅರಮನೆಯದೂ ಅಲ್ಲದ್ದರಿಂದ ಅದಕ್ಕೆ ಪಟ್ಟದಿಂದ ಇಳಿಯುವ ಭಯವಿಲ್ಲ. ಅದು ಮೂಲತಃ ಪಕ್ಷವೊಂದರ ಬಾವುಟ ತಾನೇ ಎಂದು ಇನ್ನು ಕೆಲವರು ಮೂಗು ಮುರಿಯುತ್ತಾರೆ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿಕೊಂಡ ತ್ರಿವರ್ಣವೂ ಕಾಂಗ್ರೆಸ್ಸಿನ 1931ರ ಧ್ವಜದಿಂದ ಬಂದದ್ದೇ. ಪಕ್ಷದಿಂದ ಹುಟ್ಟಿ ಪಕ್ಷವನ್ನು ಮರೆಸುವುದು ಬಾವುಟದ ದೋಷವಲ್ಲ, ಯೋಗ್ಯತೆ.

ಅಖಂಡತಾವಾದಿಗಳ ಪೂರ್ವಪಕ್ಷ ಇದಕ್ಕಿಂತ ಜೋರು: ಒಂದು ದೇಶಕ್ಕೆ ಒಂದೇ ಬಾವುಟ, ಎರಡಾದರೆ ದೇಶ ಒಡೆದೀತು. 2017ರ ಜುಲೈನಲ್ಲಿ ದೆಹಲಿಯ ಸ್ಟುಡಿಯೊಗಳಲ್ಲಿ ಈ ಆತಂಕ ರಾತ್ರಿಯಿಡೀ ಕಿರುಚಿತು. ವಿಚಾರ ಮಾಡಿ ನೋಡಿ: ಅರ್ಧ ಶತಮಾನ ಬೀದಿಬೀದಿಯಲ್ಲಿ ಬಾವುಟ ಹಾರಿದಾಗ ಅಲುಗದ ಅಖಂಡತೆ, ಒಂಬತ್ತು ಮಂದಿ ಟೀ ಕುಡಿಯುತ್ತ ಸಭೆ ಸೇರಿದ್ದಕ್ಕೆ ಅಲುಗಿತು. ಆದ್ದರಿಂದ ಅಪಾಯವಿರುವುದು ಬಾವುಟದಲ್ಲಲ್ಲ, ಸಮಿತಿಯಲ್ಲಿ. ಮಾನ್ಯತೆ ಇಲ್ಲದ ಬಾವುಟಕ್ಕೆ ರಕ್ಷಣೆ ಎಲ್ಲಿ ಎನ್ನುವ ಅಭಿಮಾನಿಗಳ ಆಕ್ಷೇಪವೂ ಇದೆ. 2020ರ ಡಿಸೆಂಬರ್‌ನಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯ ಎದುರು ಕನ್ನಡ ಹೋರಾಟಗಾರರು ಬಾವುಟ ನೆಟ್ಟಾಗ, ತೆಗೆಸಿ ಎಂದು ಮಹಾರಾಷ್ಟ್ರ ಏಕೀಕರಣ ಸಮಿತಿ (ಎಂಇಎಸ್) ಪಟ್ಟು ಹಿಡಿಯಿತು. ಮರುವರ್ಷ ಕೊಲ್ಹಾಪುರದಲ್ಲಿ ಬಾವುಟಕ್ಕೆ ಬೆಂಕಿ ಬಿದ್ದಾಗ ಇಡೀ ರಾಜ್ಯ ಸಿಟ್ಟಿಗೆದ್ದಿತು. ಆ ಸಿಟ್ಟಿಗೆ ಯಾವ ಕಲಮೂ ಬೇಕಾಗಲಿಲ್ಲ. ಬಾವುಟ ಹಿಡಿದು ಅಂಗಡಿ ಅಂಗಡಿಗೆ ಹೋಗಿ ವಸೂಲಿ ಮಾಡುವವರಿಗೆ ಲಗಾಮು ಬೇಡವೇ ಎಂಬುದು ಕೊನೆಯ ಆಕ್ಷೇಪ. ಬೇಕು, ಸುಲಿಗೆ ತಡೆಯುವ ಕಾನೂನು ಈಗಲೂ ಇದೆ. ಬಾವುಟವನ್ನು ಅಧಿಕೃತಗೊಳಿಸಿದರೆ ವಸೂಲಿ ನಿಲ್ಲುವುದಿಲ್ಲ, ರಸೀದಿ ಸಿಗುತ್ತದೆ ಅಷ್ಟೇ.

ಪ್ರಮೇಯದ ಒಂದು ಮಿತಿಯನ್ನು ಮಾತ್ರ ಒಪ್ಪಲೇಬೇಕು. ಹರಿದ ರಾಷ್ಟ್ರಧ್ವಜವನ್ನು ಹೇಗೆ ಗೌರವದಿಂದ ವಿಸರ್ಜಿಸಬೇಕೆಂದು ಧ್ವಜಸಂಹಿತೆ ಹೇಳುತ್ತದೆ. ಹಳದಿ-ಕೆಂಪಿಗೆ ಸಂಹಿತೆ ಇಲ್ಲ. ಹಾಗಾಗಿ ನವೆಂಬರ್‌ನಲ್ಲಿ ಡೊಳ್ಳು ಬಾರಿಸಿ ಏರಿಸಿದ್ದು ಅಂಚು ಬಿಚ್ಚಿ, ನೂಲುನೂಲಾಗಿ, ಮುಂದಿನ ಮುಂಗಾರಿನವರೆಗೂ ಕಂಬಕ್ಕೆ ಸುತ್ತಿಕೊಂಡಿರುತ್ತದೆ. ಪ್ಲಾಸ್ಟಿಕ್ ತೋರಣಗಳ ಗತಿ ಇದಕ್ಕಿಂತ ಮೇಲು: ಅವು ಆಯುವವರ ಚೀಲ ಸೇರಿ, ನಾಯಂಡಹಳ್ಳಿಯ ಗುಜರಿ ಶೆಡ್ಡುಗಳವರೆಗೆ ಬಂದರೆ, ಅಲ್ಲಿ ಬಣ್ಣ ಬಣ್ಣಕ್ಕೆ ಬೇರೆ ರಾಶಿ ಮಾಡುವ ಕೈಗಳಿವೆ. ಹಳದಿ ಇತ್ತ, ಕೆಂಪು ಅತ್ತ. ಅದಕ್ಕೆ ಸಮಿತಿ ಬೇಕಿಲ್ಲ, ಅನುಮೋದನೆಯೂ ಬೇಕಿಲ್ಲ. ಬೆಳಗಾವಿ, ಕೊಲ್ಹಾಪುರ, ದೆಹಲಿಗಳಲ್ಲಿ ಬಾವುಟದ ವೈರಿಗಳನ್ನು ಹುಡುಕುವವರು ಡಿಸೆಂಬರ್ ಒಂದರ ಬೆಳಿಗ್ಗೆ ತಮ್ಮ ಬೀದಿಯ ಕಂಬವನ್ನೊಮ್ಮೆ ತಲೆಯೆತ್ತಿ ನೋಡುವುದು ಒಳಿತು. ಅವಮಾನದ ಪ್ರಕರಣಗಳಲ್ಲಿ ಬಹುಪಾಲಿನ ಆರೋಪಿಗಳು ಅಲ್ಲೇ ಫ್ಲೆಕ್ಸಿನಲ್ಲಿ ಹೆಸರು, ಭಾವಚಿತ್ರ, ಪದನಾಮ ಸಮೇತ ಸಿಗುತ್ತಾರೆ.

ಆದ್ದರಿಂದ ಪ್ರಬಂಧದ ಶಿಫಾರಸು ಸಂಕ್ಷಿಪ್ತವಾದುದು. ಕನ್ನಡ ಬಾವುಟಕ್ಕೆ ಒಂದೇ ಒಂದು ನಿಯಮ ಸಾಕು: ಏರಿಸಿದವನೇ ಇಳಿಸಬೇಕು. ಇದಕ್ಕೆ ಸಂಪುಟದ ಒಪ್ಪಿಗೆ ಬೇಡ, ಸಂವಿಧಾನದ ತಿದ್ದುಪಡಿ ಬೇಡ, ಖರ್ಚೆಂದರೆ ಒಂದು ಏಣಿಯ ಬಾಡಿಗೆ. ದೆಹಲಿಯಲ್ಲಿ ಮಲಗಿರುವ 2018ರ ಕಡತದ ವಿಷಯದಲ್ಲಿ ಕನ್ನಡಿಗರೆಲ್ಲ ಪಕ್ಷಭೇದ ಮರೆತು ಒಗ್ಗಟ್ಟಾಗಿ ಮಾಡಬೇಕಾದ ಹೋರಾಟವೂ ಒಂದಿದೆ. ಅದನ್ನು ಯಾರೂ ಎಬ್ಬಿಸದಂತೆ ನೋಡಿಕೊಳ್ಳುವುದು.