ಡೀಸೆಲ್ ಮಹಾವಾಹನದ ಸ್ಥಾವರ–ಜಂಗಮ ವಿವೇಚನೆ

ಹೈದರಾಬಾದಿನ ಬೇಗಂಪೇಟೆಯ ಬಗ್ಗೆ ಇದುವರೆಗೆ ನಡೆದ ವಿದ್ವತ್ ಚಿಂತನೆಯೆಲ್ಲ ಪೈಗಾ ಅಮೀರರ ಅರಮನೆ, ಸ್ಪ್ಯಾನಿಷ್ ಮಸೀದಿ, 2008ರಲ್ಲಿ ಪ್ರಯಾಣಿಕರಿಗೆ ಬಾಗಿಲು ಹಾಕಿದ ಹಳೆಯ ವಿಮಾನ ನಿಲ್ದಾಣ, ಇಷ್ಟರಲ್ಲೇ ಸುತ್ತುತ್ತಿದೆ. ಅಪಾರ್ಟ್‌ಮೆಂಟುಗಳ ಸೆಲ್ಲಾರಿಗೆ ಇಳಿದು ನೋಡಿದ ವಿದ್ವಾಂಸ ಒಬ್ಬನೂ ಇಲ್ಲ. ಈ ಬಡಾವಣೆಯ ಐಶ್ವರ್ಯದ ಬಹುಪಾಲು ನೆಲದ ಕೆಳಗೆ ಕವರು ಹೊದ್ದು ಮಲಗಿದೆ ಎಂಬ ಸಂಗತಿ ಹಾಗಾಗಿ ಶಾಸ್ತ್ರದ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕ್ಷೇತ್ರಕಾರ್ಯಕ್ಕೆ ನನ್ನ ಷಡ್ಡಕರನ್ನು ಆರಿಸಿಕೊಂಡಿದ್ದೇನೆ. ಸೇಡಂ ಕಡೆಯವರು, ಪರಸಿ ಕಲ್ಲಿನ ವ್ಯಾಪಾರ, ಬೇಗಂಪೇಟೆಯಲ್ಲಿ ಸ್ವಂತ ಫ್ಲ್ಯಾಟು. ಇತ್ತೀಚೆಗೆ ಒಂದು ಜರ್ಮನ್ ಡೀಸೆಲ್ ಎಸ್‌ಯುವಿ ಕೊಂಡರು. ಕೊಂಡ ಮೇಲೆ ಯಾರು ಯಾರ ಒಡೆಯರಾದರು ಎಂಬುದು ಮುಂದೆ ಇತ್ಯರ್ಥವಾಗಲಿದೆ. ಕಂಪನಿಯ ಹೆಸರು ಪ್ರಬಂಧಕ್ಕೆ ಅಪ್ರಸ್ತುತ. ಷಡ್ಡಕರಿಗೆ ಮಾತ್ರ ಅದು ಎಲ್ಲ ಸಂದರ್ಭದಲ್ಲೂ ಪ್ರಸ್ತುತ; ತೊಗರಿಯ ಧಾರಣೆ ಕೇಳಿದರೂ ಉತ್ತರದಲ್ಲಿ ಒಮ್ಮೆ ಬಂದುಹೋಗುತ್ತದೆ.

ಮೊದಲು ಲಕ್ಷಣ. ಷಡ್ಡಕರ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಲಕ್ಷಣಗ್ರಂಥ ನೃಪತುಂಗನ ಆಸ್ಥಾನದ್ದು. ಆದ್ದರಿಂದ ಲಕ್ಷಣ ಹೇಳದೆ ಮುಂದೆ ಹೋದರೆ ಆ ಮಣ್ಣಿಗೆ ಅವಮಾನ. ಮಹಾಕಾವ್ಯಕ್ಕೆ ಆಲಂಕಾರಿಕರು ಹದಿನೆಂಟು ವರ್ಣನೆ ಬೇಕೆಂದರೆ, ಮಹಾವಾಹನಕ್ಕೆ ಜಿಎಸ್‌ಟಿ ಮಂಡಳಿ ಮೂರೇ ಸಾಕೆಂದಿದೆ. ಎಂಜಿನ್ 1500 ಸಿಸಿ ಮೀರಬೇಕು, ಉದ್ದ 4000 ಮಿಲಿಮೀಟರ್ ಮೀರಬೇಕು, ನೆಲಕ್ಕೂ ಹೊಟ್ಟೆಗೂ ಕನಿಷ್ಠ 170 ಮಿಲಿಮೀಟರ್ ಅಂತರ ಇರಬೇಕು. 2023ರ ಜುಲೈಯಲ್ಲಿ ಮಂಡಳಿ ತನ್ನ ಸೂತ್ರಕ್ಕೆ ತಾನೇ ಭಾಷ್ಯ ಬರೆದು, ಈ 170ನ್ನು ಖಾಲಿ ಗಾಡಿಯಲ್ಲೇ ಅಳೆಯತಕ್ಕದ್ದೆಂದು ವಿಧಿಸಿತು. ಸಂಸಾರ ಸಮೇತ ಹತ್ತಿ ಕೂತರೆ ಗಾಡಿ ತಗ್ಗುತ್ತದೆ, ಗಾಡಿ ತಗ್ಗಿದರೆ ತೆರಿಗೆಯೂ ತಗ್ಗಲಿ ಎಂದು ಯಾವನೋ ತಾರ್ಕಿಕ ವಾದ ಹೂಡಿಯಾನು ಎಂಬ ಮುಂಜಾಗ್ರತೆ ಇದು. ಈ ಮೂರು ಲಕ್ಷಣಗಳಿರುವ ಗಾಡಿಗೆ ಸೆಸ್ಸೂ ಸೇರಿ ನೂರಕ್ಕೆ 50 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ಕಡಿಮೆಯಾದ ಹತ್ತನ್ನು ಷಡ್ಡಕರು ಗಳಿಕೆಯ ಖಾತೆಗೆ ಬರೆದುಕೊಂಡು, ಆ ಗಳಿಕೆಯ ಬಲದ ಮೇಲೆ ಸೀಟಿನೊಳಗಿಂದ ತಂಪುಗಾಳಿ ಬೀಸುವ ಮೇಲಿನ ಮಾಡೆಲ್ಲನ್ನೇ ತೆಗೆದುಕೊಂಡರು. ಉಳಿದದ್ದಕ್ಕೆ ಬ್ಯಾಂಕು ಇದೆ. ನಿಜಾಮರ ಮಗಳು ಬಷೀರ್ ಉನ್ನಿಸಾ ಬೇಗಂ ಪೈಗಾ ಮನೆತನ ಸೇರಿದಾಗ ಬಳುವಳಿಯಾಗಿ ಬಂದ ಜಾಗವೇ ಬೇಗಂಪೇಟೆ ಎನ್ನುತ್ತಾರೆ. ಪುಕ್ಕಟೆ ಬಂದ ಪೇಟೆಯಲ್ಲಿ ಕಂತಿನ ಮೇಲೆ ಬಂದ ಗಾಡಿ.

ಐತಿಹಾಸಿಕ ಹಿನ್ನೆಲೆಯನ್ನು ನೋಡುವುದಾದರೆ, ಚೌಮೊಹಲ್ಲಾ ಅರಮನೆಯಲ್ಲಿ ಒಂದು ಹಳದಿ ರೋಲ್ಸ್ ರಾಯ್ಸ್ ನಿಂತಿದೆ. 1912ರ ಸಿಲ್ವರ್ ಗೋಸ್ಟ್. ತರಿಸಲು ಹೇಳಿದ್ದು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರು. ಗಾಡಿ ಬರುವಷ್ಟರಲ್ಲಿ, 1911ರಲ್ಲೇ, ಅವರು ತೀರಿಕೊಂಡಿದ್ದರು. ಹಿಂದುಗಡೆ ಕೂರಲು ಸೀಟಿಲ್ಲ, ಸಿಂಹಾಸನವಿದೆ. ಇಡೀ ಜೀವಮಾನದಲ್ಲಿ ಅದು ಓಡಿದ್ದು ನಾನೂರು ಮೈಲಿಯೂ ಇಲ್ಲವಂತೆ. ಇದರಿಂದ ನಮಗೆ ಪ್ರಥಮ ಸೂತ್ರ ಒದಗುತ್ತದೆ: ಹೈದರಾಬಾದಿನಲ್ಲಿ ವಾಹನದ ಘನತೆ ಹೆಚ್ಚಿದಷ್ಟೂ ಅದು ಕ್ರಮಿಸುವ ದೂರ ಕಡಿಮೆಯಾಗುತ್ತದೆ. ಅಂದರೆ ಐಷಾರಾಮಿ ವಾಹನವು ಸ್ವಭಾವತಃ ಸ್ಥಾವರ.

ಷಡ್ಡಕರ ವಾಹನ ಈ ಸೂತ್ರಕ್ಕೆ ಮೊದಲ ದಿನದಿಂದಲೇ ವಿಧೇಯವಾಗಿ ನಡೆದುಕೊಂಡಿತು. ಜ್ಯೂಬಿಲಿ ಹಿಲ್ಸಿನ ಪೆದ್ದಮ್ಮ ಗುಡಿಯಲ್ಲಿ ಪೂಜೆ ಮುಗಿಸಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಒಪ್ಪಿಸಿ, ಸೆಲ್ಲಾರಿನ ಇಳಿಜಾರಿಗೆ ಬಂದು ನಿಂತಿತು. ಗಾಡಿಯ ಅಗಲ ಹೆಚ್ಚುಕಡಿಮೆ ಎರಡು ಮೀಟರು, ಉದ್ದ ಐದರ ಹತ್ತಿರ. ತಿರುವಿನ ಕಂಬ ಕಟ್ಟಿದವನು ಮಾರುತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ನಾಲ್ಕೂ ದಿಕ್ಕಿನ ಕ್ಯಾಮೆರಾ ಒಟ್ಟಿಗೆ ಎದ್ದು ಪರದೆಯ ತುಂಬ ಕೆಂಪು ಗೆರೆ ಎಳೆದವು. ಸೆನ್ಸರುಗಳು ಎಡೆಬಿಡದೆ ಕೂಗಿದವು. ವಾಚ್‌ಮನ್ ಅವುಗಳನ್ನೂ ಮೀರಿಸಿ “ರೈಟ್, ರೈಟ್, ಲೆಫ್ಟ್” ಎಂದ. ಅಂತೂ ಗೂಡು ಸೇರಿದ ಮೇಲೆ ಬಾಗಿಲು ತೆರೆಯುವಷ್ಟು ಜಾಗ ಒಂದು ಬದಿಯಲ್ಲಿ ಮಾತ್ರ ಉಳಿಯಿತು. ಷಡ್ಡಕರು ಇಂದಿಗೂ ಗೇರ್ ದಾಟಿ ಎಡಬದಿಯಿಂದ ಇಳಿಯುತ್ತಾರೆ. ಕಂಪನಿಯ ಕೈಪಿಡಿಯಲ್ಲಿ ಈ ಆಸನದ ವಿವರಣೆ ಇಲ್ಲ.

ಇನ್ನು ಆರೋಹಣ. ನಮ್ಮಿಬ್ಬರ ಅತ್ತೆಯವರಿಗೆ ಮೊಣಕಾಲು ನೋವು. ಇಳಕಲ್ ಸೀರೆಯ ನೆರಿಗೆ ಹಿಡಿದು ಆ ಎತ್ತರಕ್ಕೆ ಕಾಲಿಡುವುದು ಅವರಿಂದಾಗದು. ಬಟನ್ ಒತ್ತಿದರೆ ಗಾಡಿ ತಾನೇ ತಗ್ಗುತ್ತದೆ, ನಿಜ. ಅತ್ತೆಯವರಿಗೆ ಬೇಕಾದಷ್ಟು ತಗ್ಗುವುದಿಲ್ಲ. ಕೊನೆಗೆ ಊಟಕ್ಕೆ ಕೂರುವ ಹಳೆಯ ತೇಗದ ಮಣೆಯೊಂದನ್ನು ಡಿಕ್ಕಿಯಲ್ಲಿ ಇಡಲಾಯಿತು. ಎಲ್ಲೇ ನಿಂತರೂ ಮೊದಲು ಮಣೆ ಇಳಿಯುತ್ತದೆ, ಆಮೇಲೆ ಅತ್ತೆ. ಕೋಟಿ ಬೆಲೆಯ ಈ ಇಡೀ ವ್ಯವಸ್ಥೆಯಲ್ಲಿ ಇದುವರೆಗೆ ಕೆಡದೆ ಕೆಲಸ ಮಾಡಿದ ಉಪಕರಣ ಅದೊಂದೇ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ರಸ್ತೆಗೆ ಬಂದ ಮೇಲೂ ಸ್ಥಾವರತ್ವಕ್ಕೆ ಭಂಗವಿಲ್ಲ. ಪ್ಯಾರಡೈಸಿನಿಂದ ಪಂಜಗುಟ್ಟದ ತನಕ ಗಾಡಿ ನಡೆಯುವುದಲ್ಲ, ಸರಿಯುತ್ತದೆ. ತಲೆಯ ಮೇಲೆ ಮೆಟ್ರೋ ಹೋಗುತ್ತದೆ, ಮತ್ತೊಂದು ಮೆಟ್ರೋ ಹೋಗುತ್ತದೆ. ಮಳೆ ಬಂದು ರಸೂಲ್‌ಪುರದ ನಾಲೆ ಉಕ್ಕಿದ ದಿನ ಷಡ್ಡಕರು ಬಹಳ ಹುರುಪಿನಿಂದ ಹೊರಟರು. ಅರ್ಧ ಮೀಟರ್ ನೀರಿನಲ್ಲೂ ಈ ಗಾಡಿ ಸಲೀಸಾಗಿ ಹಾಯುತ್ತದಂತೆ. ಹಾಯುತ್ತಿತ್ತು. ಮುಂದೆ ಕೆಟ್ಟು ನಿಂತ ಆಟೋಕ್ಕೆ ಆ ಸಾಮರ್ಥ್ಯ ಇರಲಿಲ್ಲ.

ಈಗ ಪ್ರಬಂಧದ ತಿರುಳಿಗೆ ಬರೋಣ. 1897ರ ಫೆಬ್ರುವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಎಂಬವನ ಎಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. ಕಿಡಿ ಬೇಡ, ಗಾಳಿಯನ್ನು ಒತ್ತಿದರೆ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಅದೇ ವರ್ಷ ಆಗಸ್ಟ್ 20ರಂದು, ಇದೇ ಬೇಗಂಪೇಟೆಯಲ್ಲಿ, ಮುಂದೆ ವಿಮಾನ ನಿಲ್ದಾಣ ಬಂದ ಜಾಗದ ಬಳಿಯ ಕಟ್ಟಡವೊಂದರಲ್ಲಿ, ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟ. ಜಠರದ ಗೋಡೆಯಲ್ಲಿ ಕಂಡವು ಕರಿಯ ಕಣಗಳನ್ನು ಹೊತ್ತ ಕೋಶಗಳು. ಮಲೇರಿಯಾದ ಗುಟ್ಟು ಬಯಲಾಯಿತು, 1902ರಲ್ಲಿ ನೊಬೆಲ್ ಬಂತು. ಈ ಎರಡು ಘಟನೆಗಳು ಒಂದೇ ವರ್ಷ ನಡೆದದ್ದು ಆಕಸ್ಮಿಕವೆಂದು ಸಾಮಾನ್ಯ ಇತಿಹಾಸಕಾರರು ಬಗೆದಿದ್ದಾರೆ. ಹೊಟ್ಟೆಯೊಳಗಿನ ಕರಿಕಣವೇ ಎಲ್ಲ ಬಾಧೆಯ ಮೂಲ ಎಂದು ಬೇಗಂಪೇಟೆಯಲ್ಲಿ ಮೊದಲು ತೋರಿಸಿಕೊಟ್ಟವನು ರಾಸ್. ಅದನ್ನು ಡೀಸೆಲ್ ಗಾಡಿಗೆ ಅನ್ವಯಿಸುವ ಭಾಗ್ಯ ಈ ಲೇಖಕನಿಗೆ ಉಳಿದಿತ್ತು.

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಲ್ಲಿದೆ. ಡೀಸೆಲ್ ಕಾರಿನ ಹೊಗೆಯ ಮಸಿ ಊರಿಗೆ ಹೋಗಬಾರದೆಂದು ಹೊಗೆಕೊಳವೆಯ ದಾರಿಯಲ್ಲಿ ಡಿಪಿಎಫ್ ಎಂಬ ಪಿಂಗಾಣಿಯ ಸೋಸುಗ ಇಡುತ್ತಾರೆ. ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದದ್ದನ್ನು ಸುಡಬೇಕಾದರೆ ಸುಮಾರು 600 ಡಿಗ್ರಿ ಕಾವು ಬೇಕು, ಕಾವು ಏರಬೇಕಾದರೆ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ಬೇಗಂಪೇಟೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲದೆ ಓಡುವುದು ಮೆಟ್ರೋಗೂ ಆಗದು. ಆದ್ದರಿಂದ ಮಸಿ ಸೇರುತ್ತದೆ, ಸೇರುತ್ತಲೇ ಹೋಗುತ್ತದೆ. ಒಂದು ದಿನ ಷಡ್ಡಕರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು.

ಡ್ರೈವರು ಮಕ್ತಲ್ ಕಡೆಯ ಹುಡುಗ, ಮನೆಮಾತು ಕನ್ನಡ. ಅವನ ಹೇಳಿಕೆಯನ್ನು ಯಥಾವತ್ತಾಗಿ ಕೊಡುತ್ತೇನೆ.

“ಸಾಹೇಬ್ರೇ, ಊರಾಗ ತಿರುಗಿದ್ರ ಇದು ಹೋಗಲ್ರೀ. ಹೊರಗ ಒಯ್ಯಬೇಕು.”

“ಹೊರಗ ಅಂದ್ರ ಎಲ್ಲಿಗೋ?”

“ರಿಂಗ್ ರೋಡಿಗ್ರೀ. ನಡುವ ನಿಲ್ಲಿಸಬಾರದು. ಆವಾಗ ಹೊಟ್ಟಿ ಖಾಲಿ ಆಗ್ತದ.”

ಹಿಂದೆ ಕೂತಿದ್ದ ಅತ್ತೆಯವರು ಮರುಕದಿಂದ ಅಂದರು: “ಪಾಪ, ಇದಕ್ಕೂ ಬಯಲಕಡೀಗಿ ಹೋಗಬೇಕಾಗ್ತದೇನ್ರೀ?”

ಡಿಪಿಎಫ್ ಬಗ್ಗೆ ನಾನು ಕೇಳಿದ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ.

ಹೀಗೆ ದ್ವಿತೀಯ ಸೂತ್ರ ಸಿದ್ಧವಾಯಿತು: ಸ್ಥಾವರವಾಗಿದ್ದರೆ ಮಸಿ, ಜಂಗಮವಾದರೆ ಶುದ್ಧಿ. ಹೈದರಾಬಾದಿನ ಹೊರವರ್ತುಲ ರಸ್ತೆ 158 ಕಿಲೋಮೀಟರ್ ಉದ್ದ. ದ್ವಿಚಕ್ರಕ್ಕೆ ಪ್ರವೇಶವಿಲ್ಲ, ಸಿಗ್ನಲ್ಲಿಲ್ಲ. ಡೀಸೆಲ್ ಗಾಡಿಗಳ ಬಹಿರ್ದೆಸೆಗೆ ಇದಕ್ಕಿಂತ ಪ್ರಶಸ್ತವಾದ ಬಯಲು ದೇಶದಲ್ಲೇ ಅಪರೂಪ. ತೊಡಕೇನೆಂದರೆ ಅಲ್ಲಿಗೆ ತಲುಪಲು ಊರಿನ ದಟ್ಟಣೆ ದಾಟಬೇಕು, ದಾಟುವಷ್ಟರಲ್ಲಿ ಇನ್ನಷ್ಟು ಮಸಿ ಸೇರಿರುತ್ತದೆ. ಮೊದಲ ಸಲ ಷಡ್ಡಕರು ಹೊರವರ್ತುಲಕ್ಕೆ ಏರಿ ಇನ್ನೇನು ಕಾವು ಹತ್ತಿತು ಎನ್ನುವಾಗ ಫೋನು ಬಂತು. ಸೈಟಿನಲ್ಲಿ ಲಾರಿ ಬಂದು ನಿಂತಿದೆ. ಹಿಂದಿರುಗಿದರು. ಸುಡುವ ಕೆಲಸ ಅರ್ಧಕ್ಕೇ ನಿಂತಿತು, ಫ್ಯಾನು ಮಾತ್ರ ಸೆಲ್ಲಾರಿನಲ್ಲಿ ಬಹಳ ಹೊತ್ತು ಬುಸುಗುಡುತ್ತಿತ್ತು. ಹೀಗೆ ಅರ್ಧಕ್ಕೆ ಬಿಡುವುದು ಹೆಚ್ಚಾದರೆ ಸುಡಲೆಂದು ಚಿಮ್ಮಿಸಿದ ಡೀಸೆಲ್ಲು ಎಂಜಿನ್ ಆಯಿಲ್‌ಗೆ ಇಳಿದು ಸೇರಿಕೊಳ್ಳುತ್ತದೆ. ಆಮೇಲೆ ವರ್ಕ್‌ಶಾಪಿನವರು ಕಂಪ್ಯೂಟರ್ ಜೋಡಿಸಿ ಬಲವಂತದ ಶುದ್ಧಿ ಮಾಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸೋಸುಗವನ್ನೇ ಬದಲಿಸಬೇಕು, ಆ ಬಿಲ್ಲಿನಲ್ಲಿ ಒಂದು ಸಣ್ಣ ಕಾರು ಬರುತ್ತದೆ.

ಯೂರಿಯಾದ ಪ್ರಸ್ತಾಪ ಇಲ್ಲಿ ಅನಿವಾರ್ಯ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ನಿರುಪದ್ರವಿಯಾಗಿಸಲು ಗಾಡಿಗೆ ಇನ್ನೊಂದು ಟ್ಯಾಂಕಿದೆ. ಅದಕ್ಕೆ ಹಾಕುವ ದ್ರವದಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಮುಗಿದರೆ ಡೀಸೆಲ್ ತುಂಬಿದ್ದರೂ ಎಂಜಿನ್ ಮತ್ತೆ ಚಾಲೂ ಆಗುವುದಿಲ್ಲ. ಊರಲ್ಲಿ ಷಡ್ಡಕರ ಅಣ್ಣ ಹತ್ತಿಗೆ ಹಾಕಲು 266 ರೂಪಾಯಿ 50 ಪೈಸೆಯ 45 ಕಿಲೋ ಯೂರಿಯಾ ಚೀಲಕ್ಕಾಗಿ ಸೊಸೈಟಿ ಮುಂದೆ ಚಪ್ಪಲಿ ಸಾಲು ಹಚ್ಚಿ ಕೂರುತ್ತಾರೆ. ತಮ್ಮನ ಗಾಡಿಯೂ ಯೂರಿಯಾ ಕುಡಿಯುತ್ತದೆಂದು ತಿಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಕರೆಗೆ ಎಷ್ಟು ಕೊಡ್ತದೋ?”

ಆ ಪ್ರಶ್ನೆಗೆ ಉತ್ತರ ಇಲ್ಲದಿದ್ದರೂ ಅದು ಷಡ್ಡಕರಿಗೆ ಒಂದು ದಾರಿ ತೋರಿಸಿತು. ಸುಮ್ಮನೆ ವರ್ತುಲ ಸುತ್ತಿ ಟೋಲ್ ಕಟ್ಟುವ ಬದಲು ಸೇಡಂಗೇ ಹೋಗಿಬಂದರಾಯಿತಲ್ಲ? ಚೇವೆಳ್ಳ, ಪರಿಗಿ, ಕೊಡಂಗಲ್. ಮೊದಲು ಆಲದ ಮರ, ಆಮೇಲೆ ತೊಗರಿ ಹೊಲ. ಕೊಡಂಗಲ್ ಬರುವಷ್ಟರಲ್ಲಿ ದೀಪ ಆರಿರುತ್ತದೆ. ನಗರದಲ್ಲಿ ಲೀಟರಿಗೆ ಏಳು ಕೊಡಲು ಗೊಣಗುತ್ತಿದ್ದ ಗಾಡಿ ಅಲ್ಲಿ ಹದಿನಾಲ್ಕು ಕೊಡುತ್ತದೆ. ಸ್ಟೇರಿಂಗ್ ಸದ್ದಿಲ್ಲ, ಎಂಜಿನ್ ಸದ್ದಿಲ್ಲ, ಅತ್ತೆಯವರಿಗೆ ಗೊರಕೆ. ಡೀಸೆಲ್ ಎಂಜಿನ್ ಯಾಕೆ ಬೇಕು ಎನ್ನುವವರು ಆ ದಾರಿಯಲ್ಲಿ ಒಮ್ಮೆ ಕೂತು ನೋಡಬೇಕು. ಈ ಮಾತನ್ನು ಅಣಕವಿಲ್ಲದೆ ಹೇಳುತ್ತಿದ್ದೇನೆ.

ಊರಲ್ಲಿರುವ ತಾಯಿ ವರ್ಷಗಟ್ಟಲೆ ಫೋನು ಮಾಡಿ ಕರೆದರೂ ಹಬ್ಬಕ್ಕೆ ಬಾರದಿದ್ದ ಮಗ, ಡ್ಯಾಶ್‌ಬೋರ್ಡು ಕರೆದ ಕೂಡಲೇ ಬರತೊಡಗಿದ. ಮುದುಕಿ ಚುರುಕು. ಈಗ ಫೋನಿನಲ್ಲಿ “ಯಾವಾಗ ಬರ್ತೀ” ಎಂದು ಕೇಳುವುದಿಲ್ಲ. “ಲೈಟ್ ಬಂತೇನೋ ಯಪ್ಪಾ?” ಎನ್ನುತ್ತಾಳೆ.

ಪೂರ್ವಪಕ್ಷದವರು ಎಲೆಕ್ಟ್ರಿಕ್ ಗಾಡಿಯನ್ನು ಮುಂದೆ ತರುತ್ತಾರೆ. ಮಸಿಯಿಲ್ಲ, ಯೂರಿಯಾ ಬೇಡ, ತೆಲಂಗಾಣ ಸರ್ಕಾರ 2024ರ ನವೆಂಬರಿನಲ್ಲಿ ರಸ್ತೆ ತೆರಿಗೆಯನ್ನೂ ಬಿಟ್ಟಿತು. ಎಲ್ಲ ಸರಿ. ಆದರೆ ಅದರಲ್ಲಿ ಊರಿಗೆ ಹೋಗೆಂದು ಹೇಳುವ ದೀಪ ಇಲ್ಲ. ಪೂರ್ವಪಕ್ಷ ಅಲ್ಲಿಗೆ ಖಂಡಿತ.

ಪ್ಯಾರಡೈಸ್–ಪಂಜಗುಟ್ಟದೊಳಗೇ ದಿನ ಮುಗಿಯುವವರು ಪೆಟ್ರೋಲ್ ಗಾಡಿ ಕೊಳ್ಳಲಿ, ಇಲ್ಲವೇ ಮೆಟ್ರೋ ಹತ್ತಲಿ. ಡೀಸೆಲ್ಲೇ ಬೇಕೆಂಬವರು ಮೊದಲು ನೂರೈವತ್ತು ಕಿಲೋಮೀಟರ್ ದೂರದಲ್ಲಿ ಒಂದು ಊರನ್ನೂ, ಊರಿನಲ್ಲಿ ಕಾಯುವವರನ್ನೂ ಖಚಿತಪಡಿಸಿಕೊಂಡು ಆಮೇಲೆ ಬುಕ್ ಮಾಡಲಿ. ಷಡ್ಡಕರ ಗಾಡಿಯ ದೀಪ ಈ ವಾರ ಮತ್ತೆ ಹತ್ತಿದೆ. ಬೇಗಂಪೇಟೆ, ಅಮೀರ್‌ಪೇಟೆ, ಕಾಚಿಗುಡದ ಕನ್ನಡಿಗರಲ್ಲಿ ಸೇಡಂ, ಚಿತ್ತಾಪುರ ಕಡೆ ಹೊರಟವರಿದ್ದರೆ ತಿಳಿಸಿ. ಮೂರು ಸೀಟು ಖಾಲಿ ಇವೆ, ಡೀಸೆಲ್ ಖರ್ಚು ಷಡ್ಡಕರದೇ. ಷರತ್ತು ಒಂದೇ: ದಾರಿಯಲ್ಲಿ ಚಹಾಕ್ಕೆ ನಿಲ್ಲಿಸು ಅನ್ನಬಾರದು.