ಸೂಜಿ ಸಾವ್ಕಾರ್ರು

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ಹಾಗಾಗಿ ದಲಾಲಿ ಅಂಗಡಿಯ ಸಾವ್ಕಾರ್ರು ವಾರಕ್ಕೊಮ್ಮೆಯ ತೂಕ ಇಳಿಸುವ ಸೂಜಿಗೆ ಶನಿವಾರವನ್ನು ಗೊತ್ತುಮಾಡಿಕೊಂಡಿದ್ದಾರೆ. "ಸೂಜಿ ಮಾಡ್ಕೊಂಡ ಮರುದಿನ ಹೊಟ್ಟಿ ತೊಳಸತೈತಿ. ಮುಖ ಕಿವುಚಿಕೊಂಡು ಮಾಲು ನೋಡಿದ್ರ, ರೈತ ತನ್ನ ಕಾಯೇ ಕೆಟ್ಟೈತಿ ಅನ್ಕೋತಾನ" ಎಂಬುದು ಅವರ ವಿವರಣೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳಲ್ಲಿ ಈಗ ಇಂಥವರು ಸಿಗುತ್ತಾರೆ. ಒಬ್ಬರದು ದಲಾಲಿ ಅಂಗಡಿ, ಇನ್ನೊಬ್ಬರದು ಬೀಜದ ಏಜೆನ್ಸಿ, ಮತ್ತೊಬ್ಬರದು ಸರ್ಕಾರಿ ಕುರ್ಚಿ. ವಯಸ್ಸು ಐವತ್ತರ ಆಸುಪಾಸು. ಹೊಟ್ಟೆ ಬಾಗಿಲು ದಾಟಿದ ಮೇಲೆ ಉಳಿದ ದೇಹ ಬರುತ್ತದೆ. ಈ ಸೂಜಿಗಳಲ್ಲಿ 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. 2026ರ ಮಾರ್ಚ್‌ನಲ್ಲಿ ವೆಗೋವಿಯೊಳಗಿನ ಔಷಧವಾದ ಸೆಮಾಗ್ಲುಟೈಡ್‌ನ ಪೇಟೆಂಟಿನ ಅವಧಿಯೂ ಮುಗಿದು ದೇಶಿ ಕಂಪನಿಗಳಿಗೆ ದಾರಿಯಾಯಿತು. ಧಾರಣೆ ಇಳಿಯುವುದನ್ನು ಸಾವ್ಕಾರ್ರು ಜೀವಮಾನದಲ್ಲಿ ಮೊದಲ ಸಲ ಬಯಸಿದ್ದು ಆಗಲೇ.

ಔಷಧದ ವಂಶಾವಳಿಯನ್ನು ಅವರು ಮನೆಯಲ್ಲಿ ಹೇಳಬಾರದಿತ್ತು. ಅಮೆರಿಕದ ಮರುಭೂಮಿಯ ಗೀಲಾ ಮಾನ್‌ಸ್ಟರ್ ಎಂಬ ವಿಷಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ಸುಳಿವನ್ನು ಹಿಡಿದು ಈ ಬಳಗದ ಮೊದಲ ಔಷಧ 2005ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ಈಗಿನವು ಪ್ರಯೋಗಾಲಯದಲ್ಲಿ ತಯಾರಾದವು ಎಂದು ಎಷ್ಟು ಹೇಳಿದರೂ ತಾಯಿ ಕೇಳಲಿಲ್ಲ. ಹಲ್ಲಿ ಮೈಮೇಲೆ ಬಿದ್ದರೇ ತಲೆಸ್ನಾನ, ಮೈಯೊಳಗೇ ಹೋದರೆ? ಅಂದಿನಿಂದ ಶನಿವಾರ ಸೂಜಿಯಾದ ಮೇಲೆ ತಲೆಗೆ ನೀರು ಹಾಕಿಕೊಂಡೇ ದೇವರ ಮನೆಗೆ ಪ್ರವೇಶ.

ಔಷಧ ತುಂಬಿದ ಸೂಜಿಯ ಪೆನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಊರ ತುಂಬ ಕೋಲ್ಡ್ ಸ್ಟೋರೇಜ್ ನೋಡಿದವರಿಗೆ ಅದೇನು ಮಹಾ! "ಇನ್ನೂ ಥಣ್ಣಗಿದ್ರ ಇನ್ನೂ ಛಲೋ" ಎಂದು ಫ್ರೀಜರ್‌ಗೇ ಇಟ್ಟರು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ. ಸಾವಿರಾರು ರೂಪಾಯಿ ಮಾಲು ಕಸಕ್ಕೆ ಹೋಯಿತು.

ಈ ಔಷಧ ಹಸಿವನ್ನು ತಗ್ಗಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಕೆಲಸವೆಲ್ಲ ಸೂಜಿಯದು, ತಮ್ಮದೇನಿದ್ದರೂ ಬಂಡವಾಳ ಎಂದು ಸಾವ್ಕಾರ್ರು ಲೆಕ್ಕ ಹಾಕಿದರು. ಮೊದಲ ವಾರವೇ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ ಇಳಿಸಿದರು. ಎಣ್ಣೆಯ ತಿಂಡಿ ಹೊಟ್ಟೆಯಲ್ಲೇ ಠಿಕಾಣಿ ಹೂಡಿತು, ರಾತ್ರಿಯಿಡೀ ಹುಳಿತೇಗು.

ಡಾಕ್ಟರು ಹಳೆಯ ಪಾಠವನ್ನೇ ಒಪ್ಪಿಸಿದರು: ಸ್ವಲ್ಪ ಸ್ವಲ್ಪ ತಿನ್ನಿ, ನಿಧಾನವಾಗಿ ಅಗಿಯಿರಿ, ಹೊಟ್ಟೆ ತುಂಬಿತು ಅನ್ನಿಸಿದ ಕೂಡಲೇ ಕೈ ತೊಳೆಯಿರಿ, ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ. ಕೊಬ್ಬಿನ ಜೊತೆ ಸ್ನಾಯುವೂ ಕರಗುವುದರಿಂದ ಪ್ರೋಟೀನ್ ಬೇಕು, ಭಾರ ಎತ್ತುವ ವ್ಯಾಯಾಮವೂ ಬೇಕು.

"ಭಾರ ಎತ್ತಾಕ ಹಮಾಲ್ರು ಅದಾರಲ್ರೀ ಸರ್!"

ಪ್ರೋಟೀನ್ ಪುಡಿಯ ಡಬ್ಬಿ ಮನೆಗೆ ಬಂದ ದಿನ ಹೆಂಡತಿ ಅದರ ಬೆಲೆ ಓದಿದರು. "ರೀ, ಈ ರೊಕ್ಕದಾಗ ವರ್ಷಕ್ಕಾಗುವಷ್ಟು ಹೆಸರುಕಾಳು ಬರ್ತಿತ್ತು." ಮರುದಿನದಿಂದ ತಟ್ಟೆಯಲ್ಲಿ ಮೊದಲು ಹೆಸರುಕಾಳಿನ ಉಸಳಿ, ಝುಣಕ, ಗಟ್ಟಿ ಮೊಸರು; ಆಮೇಲೆ ಒಂದೇ ರೊಟ್ಟಿ. ಈ ಸೂಜಿ ತರುವ ಮಲಬದ್ಧತೆಗೆ ಹಸಿ ಮೆಂತೆ, ಹಕ್ಕರಿಕಿ, ಮೂಲಂಗಿ. ಸಾವ್ಕಾರ್ರು ಅಂಗಡಿಯಲ್ಲಿ ಇದನ್ನು 'ಡಯಟ್ ಪ್ಲಾನ್' ಎಂದು ಹೇಳಿಕೊಂಡರು. ಅವರ ಹಮಾಲರು ದಿನಾ ಬುತ್ತಿಯಲ್ಲಿ ತರುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ.

ನಡಿಗೆಯದು ಬೇರೆ ಕಥೆ. ಹಾವೇರಿಯ ಬೀಗರು ಹೆಗ್ಗೇರಿ ಕೆರೆಯವರೆಗೆ ಕಾರಿನಲ್ಲಿ ಹೋಗಿ, ಕೆರೆಯನ್ನು ನೋಡಿ, ಚಹಾ ಕುಡಿದು ಕಾರಿನಲ್ಲೇ ಮರಳುತ್ತಾರೆ. ಸಾವ್ಕಾರ್ರು ಅಷ್ಟೂ ಮಾಡುವುದಿಲ್ಲ. ಸೆಮಾಗ್ಲುಟೈಡ್‌ನ ದೊಡ್ಡ ಪರೀಕ್ಷೆಯೊಂದರಲ್ಲಿ 68 ವಾರಕ್ಕೆ ಸರಾಸರಿ ಶೇಕಡ 15ರಷ್ಟು ತೂಕ ಇಳಿದಿತ್ತೆಂದು ಅವರಿಗೆ ಗೊತ್ತು; ಶೇಕಡಾವಾರು ಎಂದರೆ ದಲಾಲರ ಕಿವಿ ನಿಮಿರುತ್ತದೆ. ಆ ಪರೀಕ್ಷೆಯಲ್ಲಿ ಪಾಲ್ಗೊಂಡವರಿಗೆ ಊಟದ ಮಿತಿಯ ಜೊತೆ ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆಯನ್ನೂ ಹೇಳಲಾಗಿತ್ತು. ಔಷಧವನ್ನೂ ಸಲಹೆಯನ್ನೂ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ತೂಕ ಮರಳಿತ್ತು. ಡಾಕ್ಟರು ಇದನ್ನು ಹೇಳಿದಾಗ ಸಾವ್ಕಾರ್ರಿಗೆ ಯಾವುದೋ ಫೋನ್ ಬಂತು.

ಆದರೂ ಬೆಲ್ಟು ಎರಡು ತೂತು ಒಳಗೆ ಹೋಯಿತು. ಅದನ್ನು ಲೋಕ ಕಂಡದ್ದು ರಾಣೆಬೆನ್ನೂರಿನ ಒಂದು ಮದುವೆಯಲ್ಲಿ. ಎರಡನೇ ಹೋಳಿಗೆಗೆ ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದದ್ದನ್ನು ನೋಡಿ ಬಡಿಸುವವನು ಗಾಬರಿಯಾದ. ಪಕ್ಕದಲ್ಲಿದ್ದ ಮೂವರು ಗೆಳೆಯರು ಗುಟ್ಟು ಕೇಳಿದರು, ಬೆಲೆ ಕೇಳಿದರು, ಲೆಕ್ಕ ಮಾಡಿದರು.

"ಪೆನ್ನಿನೊಳಗ ನಾಕು ಡೋಸ್, ನಾವೂ ನಾಕು ಮಂದಿ. ಪಾಲಿನ ವ್ಯವಹಾರ ಮಾಡೂಣ್ರಿ ಸಾವ್ಕಾರ್ರ!"

ಸಾವ್ಕಾರ್ರಿಗೂ ಇದು ಹಿಡಿಸಿತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿದರು. ಸೂಜಿ ಬದಲಿಸಿದರೂ ಒಬ್ಬರ ಪೆನ್ನು ಇನ್ನೊಬ್ಬರಿಗೆ ಸಲ್ಲದು, ರಕ್ತದಿಂದ ಹರಡುವ ರೋಗ ಅಂಟಬಹುದು. ಮೇದೋಜೀರಕದ ಉರಿಯೂತ ಆಗಿದ್ದವರು, ಮನೆತನದಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇರುವವರು ಮೊದಲೇ ಹೇಳಬೇಕು. ಡೋಸ್ ಎಲ್ಲರಿಗೂ ಕನಿಷ್ಠದಿಂದಲೇ ಶುರುವಾಗಬೇಕು ಎಂದೆಲ್ಲ ಆ ಕಡೆಯಿಂದ ಬೈಗುಳ ಸಮೇತ ಬಂತು.

"ಪಾಲು ಕ್ಯಾನ್ಸಲ್," ಎಂದರು ಸಾವ್ಕಾರ್ರು. "ವಾರಕ್ಕ ನೂರೈವತ್ತು ನಿಮಿಷ ನಡಿಗಿ ಐತಂತ. ಬೇಕಂದ್ರ ಅದನ್ನ ಪೂರ್ತಿ ನಿಮಗs ಬರದು ಕೊಡ್ತೀನಿ."

ಮೂವರೂ ಒಟ್ಟಿಗೆ ಹೋಳಿಗೆಯವನನ್ನು ಕೂಗಿದರು.