ಡಾಕ್ಟರಿಗೆ ಮಾಲೀಕರೆಷ್ಟು?

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸು ಮಸ್ಕಿಯಲ್ಲಿ ನಿಂತಿತ್ತು. ಪಿ.ಜಿ. ಓದುವ ಡಾಕ್ಟರು, ಪಕ್ಕದಲ್ಲಿ ನಿವೃತ್ತ ಗುಮಾಸ್ತರು. ನಡುವೆ ಪೇಪರಿನಲ್ಲಿ ಬಿಸಿ ಮಿರ್ಚಿ, ಎಣ್ಣೆ ಸೋರುತ್ತಿತ್ತು.

"ಜಿಲ್ಲಾ ರೆಸಿಡೆನ್ಸಿ ಅಂದ್ರ ಏನ್ರಿ ಡಾಕ್ಟ್ರೆ?"

"2020ರ ನಿಯಮ್ರಿ. ಮೂರು ತಿಂಗಳು ಜಿಲ್ಲಾದಾಗ ದುಡೀದಿದ್ರ ಎಂ.ಡಿ. ಪರೀಕ್ಷಾಕ್ಕ ಕೂಡಂಗಿಲ್ಲ."

"ಪಗಾರ ಯಾರದ?"

"ಕಾಲೇಜಿಂದು."

"ಹಾಜರಿ?"

"ಜಿಲ್ಲಾ ಸಮನ್ವಯಾಧಿಕಾರಿದು."

"ರೂಮು?"

"ರಾಜ್ಯ ಸರ್ಕಾರದ್ದು. ನಿಯಮ ಮಾತ್ರ ದಿಲ್ಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು."

"ಬೈಗುಳ?"

"ರೋಗಿ ಕಡಿಯವ್ರದು. ಅದೊಂದು ಟೈಮಿಗೆ ಸರಿಯಾಗಿ ಬರ್ತದ."

ಗುಮಾಸ್ತರು ತಲೆದೂಗಿದರು. ಮೂವತ್ತು ವರ್ಷ ಟಪಾಲು ದಾಟಿಸಿದವರಿಗೆ ಇದು ಸಂಗೀತ.

ಡಾಕ್ಟರು ಮುಂದುವರಿಸಿದರು: "ಮೊದಲು ಈ ರೆಸಿಡೆನ್ಸಿಗೆ ಜಿಲ್ಲಾ ಆಸ್ಪತ್ರಿ ಅಂದ್ರ ನೂರು ಹಾಸಿಗಿ ಬೇಕಿತ್ತು. 2023ರಾಗ ಐವತ್ತಕ್ಕ ಇಳಿಸ್ಯಾರ."

"ಮುಂದ ಒಂದ ಹಾಸಿಗಿ ಸಾಕಂತಾರೇನೋ!"

"ಒಂದಾದ್ರೂ ಇರಲ್ರಿ, ರೂಮು ಸಿಗೂತನಕ ನಾ ಎಲ್ಲಿ ಮಲಗಲಿ?"

"ಕಲಿಸಾವ್ರು ಯಾರು?"

"ಲಾಗ್‌ಬುಕ್ಕಿನಾಗ ಸಹಿ ಜಾಗ ಐತಿ. ಹೆಸರು ಇನ್ನೂ ಬಂದಿಲ್ಲ."

"ಇದೇ ಮಸ್ಕಿ ಬಂಡೆಮ್ಯಾಲ ಅಶೋಕನ ಹೆಸರು 1915ರಾಗ ಸಿಕ್ತು. ಎರಡು ಸಾವಿರ ವರ್ಷ ಕಾದೀವಿ. ನೀವು ಮೂರು ತಿಂಗಳಿಗೇ ಅವಸರ ಮಾಡಿದ್ರ ಹೆಂಗ್ರಿ?"

ಕಂಡಕ್ಟರ್ ಬಂದ. "ಡಾಕ್ಟ್ರೆ, ಟಿಕೆಟ್ ಯಾರು ತಗೋತೀರಿ?"

"ತಡಿಯಪ್ಪ," ಗುಮಾಸ್ತರು ಕೈ ಒರೆಸಿಕೊಂಡರು, "ಅದಕ್ಕ ಮೂರು ಪ್ರತಿ ಪತ್ರ ಬರಿಬೇಕಾಗ್ತದ."